ಎಡಗಣ್ಣಿನ ಬಿಳುಪು

ಶ್ರೀಗೌರಿ ಫೋಟೊವನ್ನು ಹಿಗ್ಗಿಸುತ್ತ ಮಗುವಿನ ಎಡಗಣ್ಣಿಗೆ ಬಂದು ನಿಂತಳು. ಫೋಕಸ್ ಚೆನ್ನಾಗಿ ಕೂತಿತ್ತು. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಆದರೆ ಕಪ್ಪಗಿರಬೇಕಾದ ಕಣ್ಣಪಾಪೆಯ ನಡುವೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ಫ್ಲ್ಯಾಷಿನ ಕಾಟ ಅಂದುಕೊಂಡು, ಬಲಗಣ್ಣಿನ ಕಪ್ಪನ್ನೇ ತಂದು ಅದರ ಮೇಲೆ ಕೂರಿಸಿದಳು. ಕಣ್ಣು ಚೆಂದವಾಯಿತು.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಅವಳ ಸ್ಟುಡಿಯೋ. ಹಿಂದಿನ ದಿನ ಹಳದೀಪುರದ ಮಹಾಲಕ್ಷ್ಮಿ ತನ್ನ ಅತ್ತೆಯ ಜೊತೆ ಬಂದು, ಮಗ ಅನೂಪನ ಮೊದಲ ಹುಟ್ಟುಹಬ್ಬದ ಫೋಟೊ ತೆಗೆಸಿಕೊಂಡು ಹೋಗಿದ್ದಳು.

ಶ್ರೀಗೌರಿ ಇನ್ನೊಂದು ಫೋಟೊ ತೆರೆದಳು. ಅದೇ ಕಣ್ಣು, ಅದೇ ಬಿಳುಪು. ಮತ್ತೊಂದರಲ್ಲೂ ಹಾಗೆಯೇ. ಪಕ್ಕದಲ್ಲಿ ಕೂತ ಮಹಾಲಕ್ಷ್ಮಿಯ ಕಣ್ಣುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಇಂಥ ಬಿಳಿಹೊಳಪಿನ ಬಗ್ಗೆ ಎಲ್ಲೋ ಓದಿದ ನೆನಪಾಗಿ ಮೊಬೈಲಿನಲ್ಲಿ ಹುಡುಕಿದಳು. ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಎಂದು ಎಲ್ಲ ಕಡೆಯೂ ಬರೆದಿತ್ತು. ಕೂರಿಸಿದ ಕಪ್ಪನ್ನು ತೆಗೆದು ಫೋನ್ ಹಚ್ಚಿದಳು.

"ಫೋಟೊ ಆಯ್ತಾ ಅಕ್ಕಾ?" ಮಹಾಲಕ್ಷ್ಮಿಯ ದನಿಯಲ್ಲಿ ಸಂಭ್ರಮವಿತ್ತು.

"ಆತು. ಆದ್ರೆ ಮಗುವಿನ ಎಡಗಣ್ಣು ಒಂದ್ಸಲ ಡಾಕ್ಟರಿಗೆ ತೋರ್ಸಬೇಕು ಕಾಣ್ತದೆ. ಎಲ್ಲಾ ಫೋಟೊದಲ್ಲೂ ಬಿಳಿ ಬರ್ತಾ ಇದೆ."

ಅತ್ತ ಕಡೆ ಫೋನ್ ಅತ್ತೆಯ ಕೈಗೆ ಹೋಯಿತು. "ಎಂತ ಮಾತಾಡ್ತ್ರಿ ನೀವು? ನಗಾಡ್ತಾ ಆಡೂ ಹುಡ್ಗಗೆ ಎಂತ ಆಗಿದೆ? ಮೊದ್ಲು ನಿಮ್ಮ ಕ್ಯಾಮರಾ ರಿಪೇರಿ ಮಾಡ್ಸಿ!"

ಕರೆ ಕಡಿದುಹೋಯಿತು. ಶ್ರೀಗೌರಿ ಮತ್ತೆ ಫೋಟೊದ ಕಣ್ಣನ್ನೇ ನೋಡಿದಳು. ತಾನು ಹೇಳಿದ್ದು ತಪ್ಪಾಗಿದ್ದರೆ? ಊರು ಸಣ್ಣದು, ಮಕ್ಕಳಿಗೆ ರೋಗ ಹಚ್ಚುವ ಸ್ಟುಡಿಯೋ ಎಂದರೆ ನಾಳೆಯಿಂದ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಸರಿಯಾಗಿದ್ದರೆ? ಕ್ಯಾಮರಾ ಚೀಲ ಹೆಗಲಿಗೇರಿಸಿ, ಸ್ಟುಡಿಯೋದ ಶಟರ್ ಎಳೆದು, ಹಳದೀಪುರದ ಮೇಲೆ ಹೋಗುವ ಕುಮಟಾ ಬಸ್ ಹತ್ತಿದಳು.

ಮಹಾಲಕ್ಷ್ಮಿಯ ಗಂಡ ಭಟ್ಕಳದಲ್ಲಿ ಮೀನಿನ ಬೋಟಿಗೆ ಹೋಗಿದ್ದ. ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದ ಅತ್ತೆ ಇವಳನ್ನು ನೋಡಿ ಮುಖ ಗಂಟಿಕ್ಕಿದರು. "ಕ್ಯಾಮರಾ ಹಾಳಾಗಿದ್ರೆ ಎಲ್ಲರ ಕಣ್ಣಲ್ಲೂ ಬರಬೇಕಲ್ಲಾ ಅಮ್ಮಾ" ಎಂದು ಶ್ರೀಗೌರಿ ಅತ್ತೆ, ಸೊಸೆ, ಮಗು ಮೂವರ ಫೋಟೊವನ್ನೂ ಅಲ್ಲೇ ತೆಗೆದು, ಹಿಗ್ಗಿಸಿ ತೋರಿಸಿದಳು. ಬಿಳುಪಿದ್ದದ್ದು ಮಗುವಿನ ಎಡಗಣ್ಣಿನಲ್ಲಿ ಮಾತ್ರ. ಮಹಾಲಕ್ಷ್ಮಿ ಬಾಯಿಗೆ ಸೆರಗು ಹಿಡಿದಳು.

ಅತ್ತೆ ಕತ್ತಿ ಕೆಳಗಿಟ್ಟರು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಅವನು ಕಾಯಿಸಿಪ್ಪೆಯ ನಾರು ಎಳೆಯುತ್ತಲೇ ಇದ್ದ. ಬಲಗಣ್ಣು ಮುಚ್ಚಿದರು. ಅವನು ಚಿಟ್ಟನೆ ಚೀರಿ ಅಜ್ಜಿಯ ಕೈಯನ್ನು ದೂಡಿದ. ಇನ್ನೊಮ್ಮೆ ಮುಚ್ಚಿದರು. ಇನ್ನೊಮ್ಮೆ ದೂಡಿದ.

"ಕತ್ತಿ ಒಳಗಿಡೇ" ಎಂದು ಅತ್ತೆ ಎದ್ದರು. "ಹೋಗೂದು ಯಾವ ಆಸ್ಪತ್ರೆಗೆ?"

ಹೊನ್ನಾವರದ ಡಾಕ್ಟರು ಅದೇ ದಿನ ಚೀಟಿ ಬರೆದು ಮಂಗಳೂರಿಗೆ ಕಳಿಸಿದರು. ಕಣ್ಣಿನೊಳಗೆ ಗಡ್ಡೆ ಬೆಳೆದಿತ್ತು. ಕಣ್ಣು ಉಳಿಯಲಿಲ್ಲ. ಗಡ್ಡೆ ಕಣ್ಣು ದಾಟಿ ಹೋಗಿರಲಿಲ್ಲವಾದ್ದರಿಂದ ಮಗು ಉಳಿಯಿತು. ಮಹಾಲಕ್ಷ್ಮಿ ಆಸ್ಪತ್ರೆಯಿಂದ ಫೋನ್ ಮಾಡಿ ಇಷ್ಟನ್ನು ಹೇಳಿದಳು.

ಮಳೆಗಾಲ ಕಳೆದ ಮೇಲೆ ಮೂವರೂ ಸ್ಟುಡಿಯೋಗೆ ಬಂದರು. ಅನೂಪ ಈಗ ನಡೆಯುತ್ತಿದ್ದ. ಎಡಗಡೆಯ ಕುರ್ಚಿಗೆ ಒಮ್ಮೆ ಢಿಕ್ಕಿ ಹೊಡೆದು, ಅಳದೆ, ಸುತ್ತಿಕೊಂಡು ಹೋದ. ಕೂರಿಸಿದ ಕೃತಕ ಕಣ್ಣು ಅಲುಗುತ್ತಿರಲಿಲ್ಲ.

ಶ್ರೀಗೌರಿ ಕ್ಯಾಮರಾ ಎತ್ತಿಕೊಂಡು ಅತ್ತೆಯನ್ನು ಕೇಳಿದಳು. "ಯಾವ ಬದಿಯಿಂದ ತೆಗೀಲಿ ಅಮ್ಮಾ?"

"ಎದ್ರಿಂದ್ಲೇ ತೆಗೀರಿ. ನಮ್ಮ ಹುಡ್ಗ ಮಾರಿ ತಿರ್ಗ್ಸಿ ಕೂರೂದೆಂತಕ್ಕೆ?"

ಅತ್ತೆ ಸೊಂಟದಿಂದ ಕಾಡಿಗೆಯ ಡಬ್ಬಿ ತೆಗೆದು ಅವನ ಕೆನ್ನೆಗೊಂದು ಬೊಟ್ಟಿಟ್ಟರು. ಬಿಟ್ಟ ಕೂಡಲೇ ಅನೂಪ ಅದನ್ನು ತಿಕ್ಕಿ ಮುಖವೆಲ್ಲ ಕರ್ರಗೆ ಮಾಡಿಕೊಂಡು, ಆ ಕೈಯನ್ನೇ ಲೆನ್ಸಿನತ್ತ ಚಾಚಿದ.