ಹಿಡಿಯುವ ಕಬ್ಬಿಣ

ಚಿತ್ತೇಶನಿಗೆ ಆ ಏರಿ ಕನಸಿನಲ್ಲೂ ಬರುತ್ತಿತ್ತು. ಹಂದನಕೆರೆ ಕಡೆಯ ಅವನ ಊರಿನಿಂದ ತಿಪಟೂರಿಗೆ ಹೋಗಬೇಕಾದರೆ ದೊಡ್ಡಕೆರೆಯ ಏರಿಯ ಮೇಲೇ ಹಾಯಬೇಕು. ಹೋಗುವಾಗ ಎಡಕ್ಕೆ ತೆಂಗಿನ ತೋಟ, ಬಲಕ್ಕೆ ನೀರು. ಹೋದ ತಿಂಗಳು ಅಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ಎದುರಿಗೆ ಗಕ್ಕನೆ ನಿಂತಾಗ ಅವನ ಹಳೆಯ ಕಾರು ಕಿರುಚಿಕೊಂಡು ಗೇಣು ಅಂತರದಲ್ಲಿ ನಿಂತಿತ್ತು. ಪಕ್ಕದ ಸೀಟಿನಲ್ಲಿದ್ದ ಮಗಳು ಯೋಗಿತಾ ಕೈತಟ್ಟಿ ನಕ್ಕಿದ್ದಳು. ಆ ನಗು ಅವನ ಕಿವಿಯಿಂದ ಹೋಗಲೇ ಇಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಮುಂದಿನ ಬ್ರೇಕುಗಳಿಗೆ ಹೊಸ ಡಿಸ್ಕು, ಒಳ್ಳೆಯ ಪ್ಯಾಡು ತರಿಸಿದ, ಅಷ್ಟೆ.

ಗ್ಯಾರೇಜಿಗೆ ಕೊಡಲು ಮನಸ್ಸಾಗಲಿಲ್ಲ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ತನ್ನ ಕೈಯನ್ನಲ್ಲದೆ ಬೇರೆಯವರ ಕೈಯನ್ನು ನಂಬುವ ಅಭ್ಯಾಸವಿರಲಿಲ್ಲ. ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿಕೊಂಡು, ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಜಾಕಿ ಏರಿಸಿ ಎಡಗಡೆಯ ಮುಂದಿನ ಚಕ್ರ ಬಿಚ್ಚಿದ. ಸವೆದು ಅಂಚು ಎದ್ದಿದ್ದ ಹಳೆಯ ಡಿಸ್ಕನ್ನು ಸುತ್ತಿಗೆಯಿಂದ ತಟ್ಟಿ ತೆಗೆದ. ಹೊಸದನ್ನು ಪೆಟ್ರೋಲಿನಲ್ಲಿ ಚೆನ್ನಾಗಿ ಒರೆಸಿ ಕೂರಿಸಿದ. ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಪ್ಯಾಡುಗಳನ್ನು ಜೋಡಿಸಿದ. ತಟ್ಟೆಯಷ್ಟಗಲದ ಆ ಕಬ್ಬಿಣ ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯಿತು.

"ಬಾರಪ್ಪ, ಮುದ್ದೆ ಆರೋಗ್ತದೆ," ಎಂದು ಅವನ ತಾಯಿ ಜಯಕ್ಕ ಕರೆದಳು. ಚಕ್ರ ಹಾಕದೆ ಹಾಗೇ ಬಿಟ್ಟು ಊಟಕ್ಕೆ ಹೋದ. ಬಂದವನು ಎಡಚಕ್ರ ಹಾಕಿ ಬಿಗಿದು, ಬಲಗಡೆಯದನ್ನೂ ಅದೇ ರೀತಿ ಮುಗಿಸಿದ. ಅಂಗಳದಲ್ಲೇ ಹಿಂದಕ್ಕೆ ಮುಂದಕ್ಕೆ ಓಡಿಸಿದ. ನಿಲ್ಲುತ್ತಿತ್ತು. ಸಂಜೆ ತಾನೊಬ್ಬನೇ ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸಿ ನೋಡಬೇಕು ಅಂದುಕೊಂಡು ಮೈಮೇಲಿನ ಮಸಿ ತೊಳೆಯಲು ಬಚ್ಚಲಿಗೆ ಹೋದ. ಹಾಗಂದುಕೊಂಡದ್ದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ರೀ, ಯೋಗಿತಾಗೆ ಹಲ್ಲುನೋವು ಜಾಸ್ತಿ ಆಗೈತೆ. ತಿಪಟೂರ್ಗೆ ಹೋಗ್ಬತ್ತೀವಿ," ಹೊರಗಿನಿಂದ ಹೆಂಡತಿ ವನಜಾ ಕೂಗಿದಳು.

ಕಣ್ಣಿಗೆ ಸೋಪು ಹೋಗಿತ್ತು. "ಬಸ್ಸಲ್ಲಾ?" ಅಂದ. ಕಾರಿನ ಸದ್ದು ಕೇಳಿ ಮೈಗೆ ಟವಲು ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಗೇಟಿನಾಚೆ ಧೂಳು ಮಾತ್ರ ಉಳಿದಿತ್ತು.

ಪರವಾಗಿಲ್ಲ, ಒಳ್ಳೆಯ ಬ್ರೇಕು, ಎಂದು ತನಗೆ ತಾನೇ ಹೇಳಿಕೊಂಡ. ಜಯಕ್ಕ ಜಗಲಿಯ ಮೇಲೆ ಕೊಬ್ಬರಿ ಹೋಳು ಹರವುತ್ತಿದ್ದಳು. ಪಕ್ಕದಲ್ಲಿ ಎಣ್ಣೆಯ ಬಟ್ಟಲು, ಅದರೊಳಗೆ ಒಂದು ಬಟ್ಟೆ ಚೂರು.

"ಅಷ್ಟು ಬೇಗ ಮುಚ್ಬುಟ್ಟಲ್ಲೋ," ಅಂದಳು ಆಕೆ. "ಒಂದ್ ಗಾಲಿದ್ಕೆ ಮಾತ್ರ ಹಚ್ಚಿದ್ದೆ. ಇನ್ನೊಂದ್ಕೆ ಹಚ್ಚಾಕೆ ಆಗ್ಲೇ ಇಲ್ಲ."

"ಏನವ್ವ ಹಚ್ಚಿದ್ದು?"

"ಎಣ್ಣೆ ಕಣಪ್ಪ. ಹೊಸ ಕಬ್ಬಿಣ ಹಂಗೇ ಬಿಡ್ತಾರಾ? ನೀನು ಉಣ್ತಾ ಕೂತಿದ್ಯಲ್ಲ, ಆವಾಗ ತಿರುಗ್ಸಿ ತಿರುಗ್ಸಿ ಹಚ್ಚಿದೆ."

ಮಚ್ಚಾಗಲಿ, ಕುಡುಗೋಲಾಗಲಿ, ಗುದ್ದಲಿಯಾಗಲಿ, ಹೊಸ ಕಬ್ಬಿಣ ಮನೆಗೆ ಬಂದರೆ ಕೊಬ್ಬರಿ ಎಣ್ಣೆ ಸವರದೆ ಕೆಲಸಕ್ಕೆ ಹಚ್ಚಿದವಳಲ್ಲ ಜಯಕ್ಕ. ಅದು ಅವನಿಗೂ ಗೊತ್ತಿತ್ತು. ವಾಸನೆಯಾದರೂ ತಿಳಿಯಬಹುದಿತ್ತು. ಅಟ್ಟದ ತುಂಬ ಕೊಬ್ಬರಿ ಇರುವ ಮನೆಯಲ್ಲಿ ಆ ವಾಸನೆ ಯಾರ ಮೂಗಿಗೂ ತಾಗುವುದಿಲ್ಲ.

ಎಣ್ಣೆಗೆ ಎಡಚಕ್ರದ ಪ್ಯಾಡು ಜಾರುತ್ತದೆ. ಬಲಚಕ್ರ ಕಚ್ಚಿ ಹಿಡಿಯುತ್ತದೆ. ಜೋರಾಗಿ ಬ್ರೇಕು ಒತ್ತಿದರೆ ಕಾರು ಬಲಕ್ಕೆ ತಿರುಗುತ್ತದೆ. ಬಲಕ್ಕೆ ಕೆರೆ.

ವನಜಾಳಿಗೆ ಫೋನ್ ಮಾಡಿದ. ರಿಂಗಾಯಿತು. ಮತ್ತೆ ಮಾಡಿದ. ಓಡಿಸುವಾಗ ಫೋನ್ ಮುಟ್ಟಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದವನು ಅವನೇ. ಒದ್ದೆ ಮೈಮೇಲೆ ಅಂಗಿ ಎಳೆದುಕೊಂಡು ಬೈಕು ಹತ್ತಿದ. "ಯಾಕೋ, ಏನಾಯ್ತೋ?" ಎಂದು ತಾಯಿ ಕೂಗಿದ್ದು ಕೇಳಿಸಿತು. ಹೇಳುತ್ತಾ ನಿಲ್ಲಲು ಧೈರ್ಯವಿರಲಿಲ್ಲ.

ದಾರಿಯ ಪ್ರತಿ ತಿರುವಿನಲ್ಲೂ ಅವನಿಗೆ ಕಾರು ಕಾಣಿಸಿತು. ಒಮ್ಮೆ ತೆಂಗಿನ ಮರಕ್ಕೆ ಗುದ್ದಿದಂತೆ, ಒಮ್ಮೆ ಮಗುಚಿದಂತೆ. ಹತ್ತಿರ ಬಂದರೆ ಏನೂ ಇರುತ್ತಿರಲಿಲ್ಲ. ಕಾರು ಅಲ್ಲಿಲ್ಲವೆಂದು ಸಮಾಧಾನವಾಗಬೇಕಿತ್ತು. ಹಾಗಾದರೆ ಏರಿಯವರೆಗೂ ಹೋಗಿದ್ದಾರೆ ಎಂದು ಬೈಕನ್ನು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದ.

ಏರಿಯ ನಡುವೆ ಕುರಿಗಳು ಚೆದುರಿ ನಿಂತಿದ್ದವು. ಕಾರು ರಸ್ತೆಗೆ ಅಡ್ಡಲಾಗಿ ನೀರಿನ ಕಡೆ ಮುಖ ಮಾಡಿತ್ತು. ಮುಂದಿನ ಚಕ್ರಗಳು ಅಂಚಿನ ಕಲ್ಲು ದಾಟಿ ಇಳಿಜಾರಿನಲ್ಲಿದ್ದವು. ಕುರಿ ಮೇಯಿಸುವ ಜುಂಜಯ್ಯ ನೀರಿನ ಕಡೆಯಿಂದ ಕಾರಿನ ಮೂತಿಗೆ ಹೆಗಲು ಕೊಟ್ಟು ನಿಂತಿದ್ದ.

"ಬಾರ್ಲಾ ಬಿರ್ರನೆ! ಕುರಿ ಅಡ್ಡ ಬಂದ್ವು, ಆಯಮ್ಮ ಬ್ರೇಕ್ ಹಾಕ್ತು, ಇದು ನೀರ್ ಕುಡಿಯಾಕೆ ತಿರುಗ್ಕಂತು."

"ಬಾ ಈಚೆಗೆ ಜುಂಜಣ್ಣ, ಮೈಮೇಲೆ ಬಂದ್ಬುಟ್ಟಾತು!"

"ಬುಟ್ರೆ ಹೋಗ್ತದೆ ಕಣ್ಲಾ. ಟಗರಾಗಿದ್ರೆ ಕೊಂಬಾದ್ರೂ ಇರೋದು ಹಿಡಿಯಾಕೆ."

ವನಜಾ ಸ್ಟೇರಿಂಗನ್ನು ತಬ್ಬಿಕೊಂಡಂತೆ ಕೂತಿದ್ದಳು. ತಿರುಗಿ ನೋಡಲಿಲ್ಲ. "ಮಗೂನ ಮೊದ್ಲು ಇಳಿಸ್ರೀ," ಅಂದಳು.

ಹಿಂದಿನ ಬಾಗಿಲನ್ನು ಸದ್ದಾಗದಂತೆ ತೆರೆದ. ಯೋಗಿತಾ ಕೆನ್ನೆಗೆ ಟವಲು ಒತ್ತಿಕೊಂಡಿದ್ದಳು. ಈ ಸಲ ನಗುತ್ತಿರಲಿಲ್ಲ. ಅವಳನ್ನು ಎತ್ತಿ ತೋಟದ ಕಡೆ ನಿಲ್ಲಿಸಿ, ಎಡಗಡೆಯ ಬಾಗಿಲಿನಿಂದ ಒಳಗೆ ಬಗ್ಗಿ ಹ್ಯಾಂಡ್‌ಬ್ರೇಕನ್ನು ಎಷ್ಟು ಸಾಧ್ಯವೋ ಅಷ್ಟು ಎಳೆದ. ಇಂಜಿನ್ ಆರಿಸಿ, ಕಾರು ಮುಂದಕ್ಕೆ ಉರುಳದಂತೆ ರಿವರ್ಸ್ ಗೇರಿಗೆ ಹಾಕಿದ. ಜುಂಜಯ್ಯನೂ ಅವನೂ ಕಲ್ಲು ಹೊತ್ತು ತಂದು ಚಕ್ರಗಳ ಮುಂದೆ ಇಟ್ಟರು.

"ಈಗ ಕಾಲು ತೆಗಿ, ವನಜಾ."

"ತೆಗೆದ್ರೆ ಹೋಗುತ್ತೆ."

"ಹೋಗಲ್ಲ. ಕಲ್ಲಿಟ್ಟಿದೀವಿ."

"ನಂಗೆ ಆಗ್ತಿಲ್ಲ ಕಣ್ರೀ. ಕಾಲು ನನ್ ಮಾತು ಕೇಳ್ತಿಲ್ಲ."

ಬಲಗಡೆಯ ಬಾಗಿಲು ತೆರೆದು ನೆಲಕ್ಕೆ ಕೂತು, ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದ. ಅದು ಮರದಂತೆ ಬಿಗಿದಿತ್ತು. ಕಾರು ಒಮ್ಮೆ ಮುಂದಕ್ಕೆ ಅಲುಗಿತು. ಕಲ್ಲು ಕಿರ್ರೆಂದಿತು, ಕಾರು ನಿಂತಿತು.

ಕೆಳಗಿಳಿದ ಮೇಲೆ ಅವಳು ಮೊದಲು ಕೇಳಿದ್ದು ಇದು. "ನಾನು ತಪ್ಪಾಗಿ ಒತ್ತಿದ್ನಾ?"

ಎಡಚಕ್ರದಿಂದ ಕೊಬ್ಬರಿ ಸುಟ್ಟ ವಾಸನೆ ಬರುತ್ತಿತ್ತು. ಕೆರೆಯ ಗಾಳಿಯಲ್ಲಿ ಅದು ಯಾರ ಮೂಗಿಗಾದರೂ ತಿಳಿಯುವಂತಿತ್ತು. ವನಜಾ ಒಮ್ಮೆ ಉಸಿರೆಳೆದುಕೊಂಡಳು. ಚಕ್ರದ ಕಡೆ ನೋಡಿದಳು. ಅವನ ಕಡೆ ನೋಡಿದಳು.

"ಅತ್ತೆನಾ?"

"ನಾನು. ಚಕ್ರ ಹಾಕೋ ಮುಂಚೆ ನೋಡ್ಲಿಲ್ಲ. ಓಡಿಸ್ಬೇಡ ಅಂತ ನಿಂಗೆ ಹೇಳ್ಲೂ ಇಲ್ಲ."

ಅವಳು ಹೋಗಿ ಮಗಳನ್ನು ಎತ್ತಿಕೊಂಡಳು.

ಜುಂಜಯ್ಯ ಕರೆತಂದ ಟ್ರ್ಯಾಕ್ಟರು ಕಾರನ್ನು ಮನೆಗೆ ಎಳೆದು ತಂದಾಗ ಬಿಸಿಲು ಇಳಿಯುತ್ತಿತ್ತು. ಜಯಕ್ಕ ಗೇಟಿನಲ್ಲೇ ನಿಂತಿದ್ದಳು. ಯೋಗಿತಾಳನ್ನು ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿದ್ದು ಕಂಡಿತು. ಮಗ ಅಂಗಳದಲ್ಲಿ ಎಡಚಕ್ರ ಬಿಚ್ಚುವಾಗ ಪಕ್ಕಕ್ಕೆ ಬಂದು ಕೂತಳು.

ಎಣ್ಣೆ ಹೀರಿ ಕಪ್ಪಾದ ಹೊಸ ಪ್ಯಾಡುಗಳನ್ನು ಅವನು ತಿಪ್ಪೆಗೆ ಎಸೆದ. "ಅವ್ವ, ಇದು ಕಡಿಯೋ ಕಬ್ಬಿಣ ಅಲ್ಲ, ಹಿಡಿಯೋ ಕಬ್ಬಿಣ. ಎಣ್ಣೆ ತಾಕಿದ್ರೆ ಹಿಡಿಯಲ್ಲ."

"ನಂಗೇನ್ ಗೊತ್ತಪ್ಪ," ಅಂದಳು ಜಯಕ್ಕ. "ನೀನು ಬಾಯ್ಬುಟ್ಟು ಹೇಳಿದ್ರಲ್ವಾ."

ಎದ್ದುಹೋಗಿ ಬಚ್ಚಲಲ್ಲಿ ಸೀಗೆಪುಡಿ ಹಾಕಿ ಕೈ ತೊಳೆಯತೊಡಗಿದಳು. ನೀರಿನ ಸದ್ದು ತುಂಬ ಹೊತ್ತು ನಿಲ್ಲಲಿಲ್ಲ.

ಚಿತ್ತೇಶ ಡಿಸ್ಕನ್ನು ಪೆಟ್ರೋಲಿನಿಂದ ಒರೆಸಿದ. ಮೂಸಿ ನೋಡಿದ, ಮತ್ತೆ ಒರೆಸಿದ. ತಲೆ ಎತ್ತಿದಾಗ ವನಜಾ ಜಗಲಿಯ ಮೇಲೆ ಮಲಗಿದ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣು ಮುಚ್ಚಿತ್ತು. ಅವಳ ಬಲಗಾಲು ಮಾತ್ರ ಕೆಳಗಿನ ಮೆಟ್ಟಿಲನ್ನು ಇನ್ನೂ ಬಲವಾಗಿ ಒತ್ತಿ ಹಿಡಿದಿತ್ತು.