ಹಿಟ್ಟಿನ ಕೈ

ಪುಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಜನರಿಗೆ ಕೂರುವುದು, ಏಳುವುದು, ನಡೆಯುವುದು ಕಲಿಸುತ್ತಿದ್ದೇನೆ. ಧಾರವಾಡದ ನನ್ನ ಅಪ್ಪ ಕೊನೆಯವರೆಗೂ ಇದನ್ನು ಉದ್ಯೋಗವೆಂದು ಒಪ್ಪಲಿಲ್ಲ. "ಕೂಡೂದು ಏಳೂದು ನಾಯಿಗೂ ಬರತದ, ಉಮಾ," ಎನ್ನುತ್ತಿದ್ದರು. ನಾಯಿ ದಿನಕ್ಕೆ ಹತ್ತು ತಾಸು ಕಂಪ್ಯೂಟರ್ ಮುಂದೆ ಕೂರುವುದಿಲ್ಲ ಎಂದು ನಾನೂ ಬಿಡದೆ ಎದುರುತ್ತರ ಕೊಡುತ್ತಿದ್ದೆ. ಖರಾಡಿಯ ಆಫೀಸಿನವರ ಬಗ್ಗಿದ ಕುತ್ತಿಗೆಗಳೇ ನನಗೆ ಅನ್ನ ಹಾಕಿದ್ದು.

ನಾಗವ್ವ ನನ್ನ ಕ್ಲಾಸಿಗೆ ಬಂದದ್ದು ಹೋದ ಏಪ್ರಿಲ್‌ನಲ್ಲಿ. ಎಪ್ಪತ್ತೊಂದು ವರ್ಷ. ಆಷಾಢದ ಯಾತ್ರೆಯ ಪಾಲಖಿ ಸಾಸವಡದಲ್ಲಿ ತಂಗಿದಾಗ, ಅದರೊಡನೆ ನಡೆದುಬರುವ ವಾರಕರಿಗಳಿಗೆ ರೊಟ್ಟಿ ಬಡಿಯುವ ಹೆಂಗಸರ ಸಾಲಿನಲ್ಲಿ ಪ್ರತಿವರ್ಷ ಅವರೂ ಕೂರುತ್ತಿದ್ದರು. ಹಿಂದಿನ ವರ್ಷ ಏಳುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಮಗ ಮಾಂತು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದು ತೋರಿಸಿದರೆ ಸಾಸವಡ, ಇಲ್ಲದಿದ್ದರೆ ಮನೆ.

"ಅಲ್ಲಿ ಕೂಡಲಿಲ್ಲಂದ್ರ ನನಗ ವರ್ಷ ಕಳದಂಗೇ ಅನಸೂದಿಲ್ರಿ, ಅಕ್ಕೋರ," ಎಂದರು ನಾಗವ್ವ.

ಎರಡು ತಿಂಗಳು ಕಲಿಸಿದೆ. ಒಂದು ಕೈ ನೆಲಕ್ಕೆ, ಒಂದು ಕಾಲು ಹತ್ತಿರಕ್ಕೆ, ತಲೆ ಮುಂದಕ್ಕೆ. ಚೆನ್ನಾಗಿ ಎದ್ದರು. ನಾನು ಉಬ್ಬಿಹೋದೆ.

ಪಾಲಖಿಗೆ ಐದು ದಿನ ಇರುವಾಗ ಮಾಂತುವಿನ ಮನೆಯಲ್ಲಿ ಪರೀಕ್ಷೆ. ನಾಗವ್ವ ಹಿಟ್ಟು ನಾದುವ ಪರಾತದ ಮುಂದೆ ಕೂತು ಒಂದು ರೊಟ್ಟಿ ಬಡಿದರು, ಏಳಹೊರಟರು, ಅರ್ಧಕ್ಕೇ ನಿಂತರು. ಎರಡೂ ಕೈಗೆ ಹಿಟ್ಟು. ಉಣ್ಣುವ ಹಿಟ್ಟಿನ ಕೈಯನ್ನು ಕಾಲಿಡುವ ನೆಲಕ್ಕೆ ಊರುವ ಹೆಂಗಸು ಅವರಲ್ಲ. ತೂಗಾಡಿ ಕುಳಿತುಬಿಟ್ಟರು.

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಇಷ್ಟು ವರ್ಷ ನಾನು ಕಲಿಸಿದ್ದೆಲ್ಲ ತೊಳೆದ ಕೈಯವರಿಗೆ.

"ಮುಗೀತಲ್ರಿ," ಎಂದ ಮಾಂತು.

"ತಪ್ಪು ನಂದು, ಅವರದಲ್ಲ. ನಾಕು ದಿನ ಕೊಡ್ರಿ," ಎಂದೆ.

ಮರುದಿನ ಕ್ಲಾಸಿಗೇ ಪರಾತ, ಜೋಳದ ಹಿಟ್ಟು ತರಿಸಿ ಅವರ ಎದುರು ನಾನೂ ಕೂತೆ. ನನ್ನ ರೊಟ್ಟಿ ಹರಿಯಿತು. ಹಿಟ್ಟು ಹಳೆಯದಿರಬೇಕು ಎಂದೆ.

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ," ಎಂದು ನಾಗವ್ವ ನಕ್ಕರು. ಆ ನಗುವಿನಲ್ಲೇ ಅವರ ಹೆದರಿಕೆ ಅರ್ಧ ಹೋಯಿತು. ಹಿಟ್ಟಿನ ಕೈಗಳನ್ನು ಎದೆಯ ಮುಂದೆ ಚಾಚಿ, ಹಿಮ್ಮಡಿ ಒಳಗೆಳೆದುಕೊಂಡು, ಆ ಕೈಗಳ ಭಾರದ ಹಿಂದೆಯೇ ಮೇಲೇಳುವುದನ್ನು ಇಬ್ಬರೂ ಕಲಿಯತೊಡಗಿದೆವು. ಮೂರನೆಯ ದಿನ ಅವರು ಎದ್ದು ನಿಂತರು. ನಾನಿನ್ನೂ ಕೂತೇ ಇದ್ದೆ.

ಸಾಸವಡಕ್ಕೆ ನಮ್ಮಿಬ್ಬರನ್ನೂ ಮಾಂತುವೇ ಕಾರಿನಲ್ಲಿ ಕರೆದೊಯ್ದ. ಅವ್ವ ಎದ್ದು ತೋರಿಸಿದ್ದರೂ, ನಂಬಿಕೆಯಿಂದಲ್ಲ, ಬಿದ್ದರೆ ಹಿಡಿಯಲೆಂದು. ಪರಾತದ ಹಿಟ್ಟು ಮುಗಿಯುವ ಹೊತ್ತಿಗೆ ಅವ್ವನ ಬೆನ್ನ ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದ. ನಾಗವ್ವ ಹಿಮ್ಮಡಿ ಎಳೆದುಕೊಂಡರು, ತಲೆ ಮುಂದಾಯಿತು, ಎದ್ದರು. ನನಗೆ ಕಣ್ಣು ತುಂಬಿ ಬಂತು.

ಅವರು ತಿರುಗಿ ಮಗನನ್ನು ನೋಡಿದರು. ರೊಟ್ಟಿಯ ಬುಟ್ಟಿಯನ್ನೆತ್ತಿ ಅವನ ಚಾಚಿದ ಕೈಗಳ ಮೇಲಿಟ್ಟರು.

"ಖಾಲಿ ಕೈ ಚಾಚಿ ಯಾಕ ನಿಂತಿ? ಮಂದಿ ಹಸಿದಾರ, ಬಡಸು ಹೋಗು."