ಕುತ್ತಿಗೆ ಮಟ್ಟಕ್ಕೆ

"ಕುತ್ತಿಗೆ ಮಟ್ಟಕ್ಕೆ ಅಕ್ಕ, ಕುತ್ತಿಗೆ ಮಟ್ಟಕ್ಕೆ," ಎಂದು ಪಾರ್ಲರಿನವಳು ಎರಡು ಬೆರಳನ್ನು ಕತ್ತರಿ ಮಾಡಿ ಕಿವಿಯ ಕೆಳಗೆ ಆಡಿಸಿ ತೋರಿಸಿದಳು. "ಕೂದಲು ಇದಕ್ಕಿಂತ ಒಂದು ಎಳೆ ಕೆಳಗಿಳಿದ್ರೂ ಸ್ಕೂಲ್ ಗೇಟಿಂದಲೇ ವಾಪಸ್ ಕಳಿಸ್ತಾರಂತೆ."

ಮೆಟ್ಟಿಲ ನಡುವೆ ನಿಂತಿದ್ದ ಮಹಡಿ ಅಕ್ಕನ ಕೈಯ ಬಕೆಟ್ಟು ತುಳುಕಿ, ಅರ್ಧ ನೀರು ಅವಳಿಗಿಂತ ಮುಂಚೆ ಕೆಳಗಿಳಿಯಿತು.

"ಯಾವಾಗಿಂದ ಈ ರೂಲ್ಸು?"

"ಈ ವರ್ಷದಿಂದ. ಹೊಸದಾಗಿ ಸೇರೋರಿಗೆ ಮಾತ್ರ."

"ಮತ್ತೆ ಮೊನ್ನೆ ಬಸ್ ಸ್ಟಾಪಲ್ಲಿ ಆ ಸ್ಕೂಲಿನ ಹುಡುಗೀರು ಎರಡೆರಡು ಜಡೆ ಹಾಕ್ಕೊಂಡು ನಿಂತಿದ್ರಲ್ಲೇ?"

"ಅವರು ಹಳಬರು. ಹಳಬರನ್ನ ಕ್ಷಮಿಸಿದ್ದಾರೆ."

ಸುಳ್ಳು ಹೇಳುವಾಗ ಪಾರ್ಲರಿನವಳಿಗೆ ಇಂಥ ಮಾತುಗಳು ಕರೆಯದೆಯೇ ಬಂದು ಸಾಲಾಗಿ ನಿಲ್ಲುತ್ತಿದ್ದವು. ನಿಜ ಹೇಳುವಾಗಲೇ ಅವಳಿಗೆ ತೊದಲು. ಒಳಗೆ ಪೇಪರು ಓದುತ್ತಿದ್ದ ಗಂಡನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಅವನು ಡ್ರೈವಿಂಗ್ ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ಹೆಂಡತಿ ಬಾಯಿ ತೆರೆದಾಗಲೂ ಬ್ರೇಕ್ ಒತ್ತುವುದು ಅಭ್ಯಾಸವಾಗಿತ್ತು. ಆ ಬ್ರೇಕು ಮಾತ್ರ ಮದುವೆಯಾದಾಗಿನಿಂದ ಒಂದು ಸಲವೂ ಹಿಡಿದಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಅಣ್ಣನ ಸಂಸಾರ ಮಹಡಿಯಲ್ಲಿ, ತಮ್ಮನದು ಕೆಳಗೆ, ಕೆಳಗಿನ ಮುಂದಿನ ಕೋಣೆಯಲ್ಲಿ ಪಾರ್ಲರು. ಓರಗಿತ್ತಿಯರ ನಡುವೆ ಒಂದು ದಿನವೂ ಜಗಳ ಆಗಿರಲಿಲ್ಲ, ಅದೇ ತೊಂದರೆ. ಆಗಿದ್ದರೆ ಹೊಟ್ಟೆಯೊಳಗಿನದು ಬೀದಿಗೆ ಬಿದ್ದು ಹಗುರವಾಗುತ್ತಿತ್ತು. ಕೆಳಗೆ ಫ್ರಿಜ್ಜು ಬಂದರೆ ತಿಂಗಳೊಳಗೆ ಮೇಲಕ್ಕೆ ಎರಡು ಬಾಗಿಲಿನ ಫ್ರಿಜ್ಜು ಹತ್ತುತ್ತಿತ್ತು. ಅದನ್ನು ಹತ್ತಿಸಲು ಪಾರ್ಲರಿನವಳೇ ಒಂದು ಮೂಲೆ ಹಿಡಿಯಬೇಕು. ಕೆಳಗೆ ಹೆರಿಗೆಗೆ ದಿನ ಎಣಿಸುತ್ತಿದ್ದಾಗ ಮೇಲಿನವಳು ಒಂದು ವಾರ ಮೊದಲೇ ಹೆತ್ತು ಮುಗಿಸಿದ್ದಳು. ಮಗು ನೋಡಲು ಬಂದವರು ಮೇಲೆ ನೋಡಿ, ಮುದ್ದಾಡಿ, ದಣಿದು ಕೆಳಗಿಳಿದು, "ಇವಳೂ ಚೆನ್ನಾಗಿದ್ದಾಳೆ" ಎಂದರು. ಆ ಮಾತು ಪಾರ್ಲರಿನವಳ ಹೊಟ್ಟೆಯಲ್ಲಿ ಇವತ್ತಿಗೂ ಕರಗದೆ ಕೂತಿತ್ತು.

ಹುಡುಗಿಯರಿಬ್ಬರಿಗೂ ನರ್ಸರಿಯಿಂದ ಒಂದೇ ಶಾಲೆ, ಒಂದೇ ಬೆಂಚು. ಮೇಲಿನವಳ ಮಗಳು ಲೆಕ್ಕದಲ್ಲಿ ಮುಂದೆ, ಓಟದಲ್ಲಿ ಮುಂದೆ, ಹಾಡು ಅಂದರೆ ಎಲ್ಲರಿಗಿಂತ ಮುಂದೆ. ಕೆಳಗಿನ ಪುಟ್ಟಿ ಅವಳ ಪಕ್ಕ. ಶಾಲೆಯ ಗ್ರೂಪ್ ಫೋಟೋಗಳಲ್ಲಿ ಪುಟ್ಟಿಯ ಒಂದು ಕಿವಿ ಯಾವಾಗಲೂ ಅವಳ ಜಡೆಯ ಹಿಂದೆ ಮರೆ.

ಆ ಜಡೆಯ ವಿಷಯ ಬೇರೆಯೇ ಹೇಳಬೇಕು. ಹುಡುಗಿಗೆ ಮನೆಯಲ್ಲೂ ಬೀದಿಯಲ್ಲೂ ಜಡೆ ಎಂದೇ ಹೆಸರು. ಒಮ್ಮೆ ಅದು ಬಸ್ಸಿನ ಬಾಗಿಲಿಗೆ ಸಿಕ್ಕಿ ಬಸ್ಸೇ ನಿಂತುಹೋಯಿತಂತೆ. ಎಂಜಿನ್ ಕೆಟ್ಟಿದೆ ಅಂತ ಡ್ರೈವರ್ ಬಾಯಿ ಬಡಿದುಕೊಂಡ, ಬೀದಿ ನಂಬಲಿಲ್ಲ. ಭಾನುವಾರ ತಲೆ ತೊಳೆದು, ಮಹಡಿಯ ಗೋಡೆಯಿಂದ ಕೆಳಕ್ಕೆ ಇಳಿಬಿಟ್ಟು ಒಣಗಿಸಲು ಕೂತರೆ ಅದರ ತುದಿ ಗಾಳಿಗೆ ಆಡಿ ಪಾರ್ಲರಿನ ಬೋರ್ಡಿನ ಧೂಳು ಒರೆಸುತ್ತಿತ್ತು ಎಂದು ಪಾರ್ಲರಿನವಳು ಆಣೆ ಮಾಡುತ್ತಿದ್ದಳು. ಗಿರಾಕಿಗಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿ, "ನಮಗೂ ಅದನ್ನೇ ಹಚ್ಚಿ" ಎನ್ನುತ್ತಿದ್ದರು. ಆದರೆ ಅಕ್ಕ ಮಗಳ ಜಡೆಯನ್ನಾಗಲಿ, ಚೆಂಡಿನ ಗಾತ್ರದ ತನ್ನ ತುರುಬನ್ನಾಗಲಿ ಪಾರ್ಲರಿನ ಹೊಸಿಲು ದಾಟಿಸಿದವಳಲ್ಲ. "ನಿನ್ನ ಮಿಷನ್ನುಗಳಿಗೆಲ್ಲ ನಮ್ಮ ಕೂದಲು ಬಗ್ಗಲ್ಲ ಕಣೇ," ಎಂದು ಮೆಟ್ಟಿಲ ಮೇಲಿಂದಲೇ ನಗುವಳು. ಪುಟ್ಟಿಯ ತಲೆಯ ಮೇಲೋ, ಅಂಗಡಿಯ ಎಣ್ಣೆಯನ್ನೆಲ್ಲ ಸುರಿದರೂ ಭುಜ ದಾಟಲು ಹೆದರುವ ಎರಡು ಹುರಿಗಳು.

ಪುಟ್ಟಿಗೆಂದು ಈ ಹುಡುಗಿಯರ ಹೈಸ್ಕೂಲನ್ನು ಹುಡುಕಿದ್ದು ಪಾರ್ಲರಿನವಳು. ಬೇರೆ ಶಾಲೆಗಳನ್ನೂ ನೋಡಿದ್ದಳು. ಒಂದರಲ್ಲಿ ಗೋಡೆ ತುಂಬ ರ‍್ಯಾಂಕ್ ಬಂದವರ ಫೋಟೋ. ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಇನ್ನೊಂದರ ಪ್ರಿನ್ಸಿಪಾಲರು ಹೊತ್ತು ಮುಳುಗುವವರೆಗೆ ಈಜುಕೊಳದ ಬಗ್ಗೆಯೇ ಮಾತಾಡಿದರು, ನೀರು ಮಾತ್ರ ಮುಂದಿನ ವರ್ಷ ಬರುತ್ತದೆಂದರು. ಈ ಶಾಲೆಯಲ್ಲಿ ಯಾರೂ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗಿಯರೇ ಬೆಂಚು ಹೊತ್ತು ಸಾಗಿಸುತ್ತಿದ್ದರು. ಹುಡುಗಿಯೊಬ್ಬಳು ಏಣಿ ಹತ್ತಿ ಬಲ್ಬು ಹಾಕುತ್ತ, ಕೆಳಗೆ ಏಣಿ ಹಿಡಿದವಳನ್ನು ಗಂಟಲು ಹರಿಯುವಂತೆ ಬೈಯುತ್ತಿದ್ದಳು. ಆಮೇಲೆ ವರಾಂಡದ ತುದಿಯಲ್ಲಿ ಪುಟ್ಟಿಯಷ್ಟೇ ಸಣ್ಣ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಸುತ್ತಿಗೆ ಎತ್ತಿ, ತೂಗುಬಿಟ್ಟ ಕಬ್ಬಿಣದ ತಟ್ಟೆಗೆ ಬಾರಿಸಿದಳು. ಇಡೀ ಶಾಲೆ ಬಾಗಿಲು ತೆರೆದು ಹೊರಗೆ ಚೆಲ್ಲಿತು.

ಜೊತೆಗೆ ಬಂದಿದ್ದ ಪುಟ್ಟಿ ಅಪರಿಚಿತರ ಹತ್ತಿರ ಬಾಯಿ ಬಿಟ್ಟವಳಲ್ಲ. ಅವತ್ತು ಹೆಡ್ ಮಿಸ್ಸಿನ ಮುಂದೆ ಹೋಗಿ ನಿಂತು, "ಗಂಟೆ ಯಾರು ಹೊಡೀತಾರೆ ಮಿಸ್?" ಎಂದು ಕೇಳಿಬಿಟ್ಟಳು.

"ಆಸೆ ಇರೋರು," ಎಂದರು ಹೆಡ್ ಮಿಸ್. ಅವರ ಕೂದಲು ಕುತ್ತಿಗೆ ಮಟ್ಟಕ್ಕಿತ್ತು. ಪಾರ್ಲರಿನವಳು ಅದನ್ನು ಸುಮ್ಮನೆ ವೃತ್ತಿಯ ಅಭ್ಯಾಸದಿಂದ ಗಮನಿಸಿದ್ದಳು ಅಷ್ಟೆ.

ಮನೆಗೆ ಬಂದವಳೇ ಪುಟ್ಟಿ ಅಪ್ಪನ ಕಾರಿನ ಹಳೇ ಬ್ರೇಕ್ ಡ್ರಮ್ಮನ್ನು, ಚಕ್ರದೊಳಗಿನ ಆ ಕಬ್ಬಿಣದ ಬಟ್ಟಲನ್ನು, ಮಹಡಿಯ ಮೇಲೆ ಬಟ್ಟೆ ಒಣಗಿಸುವ ಕಂಬಿಗೆ ಕಟ್ಟಿ ಬಡಿಯತೊಡಗಿದಳು. ಸದ್ದು ಕೇಳಿ ವಿಚಾರಿಸಿದ ಅಕ್ಕ ಮಾರನೆಯ ದಿನವೇ ಬಕೆಟ್ಟು ಹಿಡಿದು ಇಳಿದು ಬಂದಳು. "ಶಾಲೆ ಚೆನ್ನಾಗಿದೆಯಂತಲ್ಲೇ. ನಮ್ಮವಳನ್ನೂ ಅಲ್ಲಿಗೇ ಹಾಕೋಣ ಅಂತ. ಜೊತೆ ಆಗತ್ತೆ."

ಪಾರ್ಲರಿನವಳ ಕಣ್ಣ ಮುಂದೆ ಆ ಗಂಟೆ ಬಂತು. ಅದರ ಮುಂದೆ ಸುತ್ತಿಗೆ ಹಿಡಿದು ನಿಂತಿದ್ದವಳ ಬೆನ್ನ ಮೇಲೆ ಮೊಣಕಾಲು ಮುಟ್ಟುವ ಜಡೆಯಿತ್ತು. ಪುಟ್ಟಿ ಪಕ್ಕದಲ್ಲಿ ಅವಳ ಬ್ಯಾಗು ಹಿಡಿದುಕೊಂಡಿದ್ದಳು. ಹೊಟ್ಟೆಯಲ್ಲಿ ಎದ್ದ ಬೆಂಕಿ ಗಂಟಲಿಗೆ ಬಂದು, ನಾಲಿಗೆಯ ಮೇಲೆ ರೂಲ್ಸಾಗಿ ಹೊರಬಿತ್ತು.

ಕೂದಲಿನ ವಿಷಯಕ್ಕೆ ಆ ಮನೆಯಲ್ಲಿ ಅವಳ ಮಾತೇ ಕೊನೆ. ಅಕ್ಕ ಉಳಿದ ನೀರನ್ನು ಹೊತ್ತುಕೊಂಡು ಹಾಗೇ ಮೇಲೆ ಹೋದಳು. ಆ ವಾರ ಮಹಡಿಯಿಂದ ಒಂದು ನಗುವೂ ಕೇಳಲಿಲ್ಲ, ಡ್ರಮ್ಮೂ ಕೇಳಲಿಲ್ಲ. ಪಾರ್ಲರಿನವಳು ಮಾತ್ರ ಯಾರದೋ ಹುಬ್ಬು ತಿದ್ದುತ್ತ ಗುನುಗುತ್ತಿದ್ದಳು.

"ಹೇಳಿಬಿಡೇ," ಎಂದ ಗಂಡ.

"ಏನಂತ?"

"ನಿಜಾನ."

"ಈಗ ಹೇಳಿದ್ರೆ ಸುಳ್ಳು ಅನ್ಕೋತಾರೆ ರೀ."

"ಪುಟ್ಟಿ ತಲೆ ಏನ್ಮಾಡ್ತೀಯಾ ಮತ್ತೆ?"

"ಸ್ಕೂಲು ಶುರುವಾಗೋ ಹೊತ್ತಿಗೆ ರೂಲ್ಸು ಸಡಿಲ ಆಗತ್ತೆ ಬಿಡಿ. ಎಲ್ಲಾ ಕಡೆ ಆಗಲ್ವಾ?"

ಭಾನುವಾರ ಬೆಳಿಗ್ಗೆ ಕಿಟಕಿಯ ಹೊರಗೆ ಜಡೆ ಇಳಿಯಲಿಲ್ಲ. ಮೆಟ್ಟಿಲಿಳಿದು, ಹೊಸಿಲು ದಾಟಿ, ಕನ್ನಡಿಯ ಮುಂದೆ ಬಂತು. ಹಿಂದೆ ಅಕ್ಕ. ಅವಳ ಹಿಂದೆ, ಅತ್ತು ಮೂಗು ಕೆಂಪಾಗಿದ್ದ ಪುಟ್ಟಿ.

"ಕತ್ತರಿಸಿಬಿಡು," ಎಂದಳು ಅಕ್ಕ. ಗಿರಾಕಿಗಳ ಬೆಂಚಿನ ಮೇಲೆ ಕೂತು ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. "ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ."

ಪಾರ್ಲರಿನವಳು ಕೈ ಅಡ್ಡ ಹಿಡಿದಳು. "ಅಯ್ಯೋ, ಇಷ್ಟು ಚೆನ್ನಾಗಿರೋದನ್ನ... ಬೇರೆ ಸ್ಕೂಲು ಇದ್ದಾವಲ್ಲ ಅಕ್ಕ. ಈಜುಕೊಳ ಇರೋದು ಇದೆ."

"ನಾನೂ ಅದನ್ನೇ ಹೇಳಿದೆ. ಇವಳು ಕೇಳಬೇಕಲ್ಲ."

ಜಡೆ ಆಗಲೇ ಕುರ್ಚಿ ಹತ್ತಿ ಕೂತಿದ್ದಳು. "ಪುಟ್ಟಿ ಒಬ್ಬಳೇ ಆ ಸ್ಕೂಲಿಗೆ ಹೋಗಲ್ವಂತೆ ಚಿಕ್ಕಮ್ಮ. ವಾರದಿಂದ ಮೇಲೆ ಬಂದು ಅಳ್ತಿದ್ದಾಳೆ. ಗಂಟೇನೂ ಬೇಡ, ಏನೂ ಬೇಡ ಅಂತ ಸುತ್ತಿಗೆ ಎಸೆದುಬಿಟ್ಲು. ಅದಕ್ಕೇ ನಾನೂ ಹೋಗೋದು ಅಂತ ಡಿಸೈಡ್ ಮಾಡ್ದೆ. ಕೂದಲು ತಾನೇ, ಬೆಳೆಯತ್ತೆ." ಸ್ವಲ್ಪ ತಡೆದು ಕೇಳಿದಳು, "ನೋವಾಗಲ್ಲ ಅಲ್ವಾ?"

"ಕೂದಲು ಕತ್ತರಿಸಿದ್ರೆ ಯಾಕೆ ನೋವಾಗತ್ತೆ, ಪೆದ್ದಿ," ಎಂದಳು ಪಾರ್ಲರಿನವಳು.

ಬಿಳಿ ಬಟ್ಟೆ ಹೊದಿಸಿದಳು. ಜಡೆಯನ್ನು ಕೈಗೆ ಎತ್ತಿಕೊಂಡಳು. ಅಬ್ಬಾ, ಏನು ಭಾರ. ಇಷ್ಟು ವರ್ಷ ಕಿಟಕಿಯಲ್ಲಿ ನೋಡಿದ್ದೇ ಹೊರತು ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಹೊಟ್ಟೆಯ ಉರಿ ಕಡಿಮೆಯಾಗಬೇಕಿತ್ತು, ಇನ್ನೂ ಒಂದು ಕೈ ಹೆಚ್ಚಾಯಿತು. ಕತ್ತರಿಯ ಬಾಯಿ ತೆರೆದು ಕುತ್ತಿಗೆಯ ಹತ್ತಿರ ಇಟ್ಟಳು. ಬೆರಳು ಒತ್ತಿದರೆ ಮುಗಿಯಿತು. ನಾಳೆಯಿಂದ ಕಿಟಕಿ ಖಾಲಿ. ಬೆರಳಿಗೆ ಆಸೆಯಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಅಮ್ಮಾ, ತಾಳು!" ಪುಟ್ಟಿ ಕುರ್ಚಿಯ ಕೈ ಹಿಡಿದು ನಿಂತಳು. "ಮೊದಲು ನಂದು. ನಾನಲ್ವಾ ಆ ಸ್ಕೂಲ್ ಬೇಕು ಅಂದಿದ್ದು. ಮೊದಲು ನಂದೇ ಕಟ್ ಮಾಡು." ತನ್ನ ಎರಡು ಹುರಿಗಳನ್ನು ಎರಡು ಕೈಯಲ್ಲಿ ಹಿಡಿದು, ಒಪ್ಪಿಸುವಂತೆ ಮುಂದೆ ಚಾಚಿದಳು.

ಕನ್ನಡಿಯಲ್ಲಿ ನಾಲ್ಕು ಮುಖಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ನೋಡಲು ಪಾರ್ಲರಿನವಳಿಗೆ ಆಗಲಿಲ್ಲ. ಅದು ಅವಳದೇ.

"ಫೋನು," ಎಂದಳು ಅವಳು ಇದ್ದಕ್ಕಿದ್ದಂತೆ. "ಫೋನ್ ಬರ್ತಿದೆ."

ಯಾರಿಗೂ ಏನೂ ಕೇಳಿಸಿರಲಿಲ್ಲ. ಅವಳು ಕತ್ತರಿ ಇಟ್ಟು ಪರದೆಯ ಹಿಂದೆ ಹೋದಳು. ತಲೆ ತೊಳೆಯುವ ತೊಟ್ಟಿಯ ಹತ್ತಿರದಿಂದ ಮಾತು ಕೇಳಿಬಂತು. "ಹಲೋ... ಹೌದು ಮೇಡಂ, ನಾನೇ... ಏನು, ರದ್ದಾಯ್ತಾ? ಪೂರ್ತಿನಾ?... ಓ, ಪೇರೆಂಟ್ಸು ಗಲಾಟೆ ಮಾಡಿದ್ರಾ... ಎರಡು ಜಡೆ. ಸರಿ ಮೇಡಂ. ರಿಬ್ಬನ್ನು? ನೀಲಿನಾ? ತಿಳಿನೀಲಿನೋ ಕಡುನೀಲಿನೋ?... ಆಗಲಿ ಮೇಡಂ, ಮನೇಲೂ ಹೇಳ್ತೀನಿ."

ಪರದೆ ಸರಿಸಿ ಹೊರಗೆ ಬಂದವಳು ಉಸಿರು ಬಿಟ್ಟು, "ಸ್ಕೂಲಿಂದ. ರೂಲ್ಸು ತೆಗೆದ್ರಂತೆ," ಎಂದಳು. ಆಗ ಕಂಡಿತು. ಅವಳ ಫೋನು ಅಕ್ಕ ಕೂತಿದ್ದ ಬೆಂಚಿನ ಪಕ್ಕದಲ್ಲೇ, ಬೆಳಿಗ್ಗೆ ಚಾರ್ಜಿಗೆ ಹಾಕಿದ ಜಾಗದಲ್ಲಿ ತೆಪ್ಪಗೆ ಮಲಗಿತ್ತು. ಅವಳ ಕೈಯಲ್ಲಿದ್ದದ್ದು ಬಾಚಣಿಗೆ.

ಅಕ್ಕ ಬಾಚಣಿಗೆಯನ್ನು ನೋಡಿದಳು. ಫೋನನ್ನು ನೋಡಿದಳು. ಆಮೇಲೆ ಕ್ಯಾಲೆಂಡರನ್ನು.

"ಚಾರ್ಜ್ ತುಂಬಿದೆ ಕಣೇ," ಎಂದಳು ಮೆಲ್ಲಗೆ. "ತೆಗೆದುಬಿಡ್ಲಾ?"

ಪಾರ್ಲರಿನವಳು ತಲೆಯಾಡಿಸಿದಳು. ಅಕ್ಕ ವೈರನ್ನು ಕಿತ್ತು, ನಿಧಾನವಾಗಿ ಸುತ್ತಿ, ಫೋನಿನ ಮೇಲಿಟ್ಟಳು.

ಹುಡುಗಿಯರಿಗೆ ಇದೊಂದೂ ಬೇಕಿರಲಿಲ್ಲ. ಪುಟ್ಟಿ ಕಿರುಚಿದ ರಭಸಕ್ಕೆ ಶೆಲ್ಫಿನ ಮೇಲಿನ ಬಾಟಲಿಯೊಂದು ಉರುಳಿತು. ಬಿಳಿ ಬಟ್ಟೆ ಕಿತ್ತೆಸೆದು ಜಡೆ ಕುರ್ಚಿಯಿಂದ ಜಿಗಿದಳು, ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಒಳಗಿನಿಂದ ಗಂಡ ಒಮ್ಮೆ ಇಣುಕಿ ನೋಡಿ, ಬಲಗಾಲನ್ನು ಜೋಪಾನವಾಗಿ ಎತ್ತಿಕೊಂಡು ಹಿಂದೆ ಸರಿದ.

ಪಾರ್ಲರಿನವಳು ಬಟ್ಟೆ ಎತ್ತಿ ಕೊಡವಿದಳು, ಅದರಲ್ಲಿ ಒಂದು ಕೂದಲೂ ಇರಲಿಲ್ಲ. ಮತ್ತೆ ಕೊಡವಿದಳು. ಈಗ ಬೈಗುಳ ಬರುತ್ತದೆ, ಇಷ್ಟು ವರ್ಷದ್ದೆಲ್ಲ ಸೇರಿಸಿ ಬರುತ್ತದೆ ಎಂದು ಕಾಯುತ್ತ ನಿಂತಳು.

ಅಕ್ಕ ಎದ್ದು ಬಾಗಿಲು ಮುಂದೆ ಮಾಡಿದಳು. ಚಿಲಕ ಹಾಕಿದಳು. ಬಂದು ಕುರ್ಚಿಯಲ್ಲಿ ಕೂತಳು.

"ಹೇಗೂ ಬಂದಾಯ್ತು. ನಂದಾದ್ರೂ ತುದಿ ಸರಿ ಮಾಡು."

"ನಿಮ್ಮದಾ?"

"ಯಾಕೆ, ನನ್ನ ತಲೆ ತಲೆ ಅಲ್ವಾ?"

ಪಾರ್ಲರಿನವಳು ಬಟ್ಟೆ ಹೊದಿಸಿ, ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಕೊನೆಯ ಪಿನ್ನು ತೆಗೆದಾಗ ತುರುಬು ಬಿಚ್ಚಿಕೊಳ್ಳಲಿಲ್ಲ. ಇಡಿಯಾಗಿ ಅವಳ ಅಂಗೈಗೆ ಇಳಿಯಿತು. ಚೌರಿ. ಒಳ್ಳೆಯ ಚೌರಿಯೇ, ಬೆಲೆ ಬಾಳುವಂಥದ್ದು. ಅದಿದ್ದ ಜಾಗದಲ್ಲಿ, ಕಿರುಬೆರಳಿಗೆ ಸುತ್ತಿದರೆ ಮುಗಿದುಹೋಗುವಷ್ಟು ಕೂದಲಿತ್ತು. ನೆತ್ತಿಯ ಚರ್ಮ ಎಳೆಗೂಸಿನದರಂತೆ ಹೊಳೆಯುತ್ತಿತ್ತು.

"ಯಾವಾಗಿಂದ ಅಕ್ಕ?"

"ಅವಳನ್ನ ಹೆತ್ತಾಗಿಂದ. ಮೊದಲು ಉದುರೋಕೆ ಶುರುವಾಯ್ತು, ಆಮೇಲೆ ನೀನು ಕೆಳಗೆ ಪಾರ್ಲರ್ ಇಟ್ಟೆ." ಅಕ್ಕ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು. "ದಿನಾ ಮೆಟ್ಟಿಲು ಇಳಿಯುವಾಗ ಅಂದ್ಕೊಳ್ತಿದ್ದೆ, ಇವತ್ತು ಇವಳ ಕಣ್ಣಿಗೆ ಬಿದ್ದೆ ಅಂತ. ನಿನಗೇನು ಬಿಡು, ಬೆಳಗ್ಗೆ ಎದ್ದು ಹಾಗೇ ಕೈಯಲ್ಲಿ ಬಾಚ್ಕೊಂಡು ಹೊರಗೆ ಬಂದು ನಿಲ್ತೀಯ."

ಪಾರ್ಲರಿನವಳ ಕೈ ತಾನಾಗಿ ತನ್ನ ತಲೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ನಿಜದ ಮಾತಾದ್ದರಿಂದ ತೊದಲಿತು. "ಅಕ್ಕ, ಆ ಫೋನು..."

"ಅದೇನೋ ಗಂಟೆ ಹುಡುಗೀರೇ ಹೊಡೀತಾರಂತೆ ಅಲ್ಲಿ," ಎಂದಳು ಅಕ್ಕ, ಕೇಳಿಸಲೇ ಇಲ್ಲವೆಂಬಂತೆ. "ನಮ್ಮವಳು ಹೇಳ್ತಿದ್ಲು. ಪುಟ್ಟಿ ಹೊಡೀತಾಳಂತೆ, ಇವಳು ಬ್ಯಾಗ್ ಹಿಡ್ಕೊಂಡು ನಿಂತ್ಕೋತಾಳಂತೆ."

ಪಾರ್ಲರಿನವಳು ಕತ್ತರಿಯನ್ನು ಡ್ರಾಯರಿನೊಳಗಿಟ್ಟು ಮುಚ್ಚಿದಳು. ಚೌರಿಯನ್ನು ಶೆಲ್ಫಿನ ಮೇಲೆ, ಬಟ್ಟೆ ಹಾಸಿ ಮಲಗಿಸಿದಳು. ಅತ್ಯಂತ ಮೃದುವಾದ ಬಾಚಣಿಗೆ ಹುಡುಕಿ, ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಆ ನಾಲ್ಕು ಎಳೆಗಳನ್ನು ತುದಿಯಿಂದ ಬಿಡಿಸತೊಡಗಿದಳು. ಅಕ್ಕ ಕಣ್ಣು ಮುಚ್ಚಿದಳು.

ಮಹಡಿಯ ಮೇಲೆ ಬ್ರೇಕ್ ಡ್ರಮ್ಮು ಢಣ್ ಎಂದಿತು. ತಡೆದು, ಮತ್ತೊಮ್ಮೆ, ಇನ್ನೂ ಜೋರಾಗಿ. ಪಾರ್ಲರಿನವಳು ಬಾಚಣಿಗೆ ಎತ್ತಿ ಹಿಡಿದು ಕಿವಿಗೊಟ್ಟು ಕೇಳಿದಳು. ಹೊಡೆಯುತ್ತಿದ್ದವಳು ಯಾರೆಂದು ಕೆಳಗಿನಿಂದ ಗೊತ್ತಾಗುತ್ತಿರಲಿಲ್ಲ.